ದೇವರ ವಕೀಲಿಕೆ ಯಾರಿಗೆ ಬೇಕು?

ಪ್ರವಾಹವೋ ಸಾಂಕ್ರಾಮಿಕವೋ ಬಂದೆರಗಿದಾಗಲೆಲ್ಲ, ಅದರ ಹಿಂದಿನ ದೈವಸಂಕಲ್ಪವನ್ನು ಅರ್ಧ ಗಂಟೆಯಲ್ಲಿ ವಿವರಿಸಿಬಿಡುವ ಪ್ರಸಂಗಗಳು ಕೇಳಿಬರುತ್ತವೆ. ಅಂಥ ಆತ್ಮವಿಶ್ವಾಸದ ಎದುರು ನನಗೆ ಕಾರ್ಲ್ ಬಾರ್ತ್ ನೆನಪಾಗುತ್ತಾರೆ. ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಊರಿನಲ್ಲಿ 1911ರಿಂದ 1921ರವರೆಗೆ ಸಭಾಪಾಲಕರಾಗಿದ್ದ ಅವರು, ತಾವು ಗೌರವಿಸುತ್ತಿದ್ದ ದೇವಶಾಸ್ತ್ರದ ಗುರುಗಳೇ 1914ರಲ್ಲಿ ಜರ್ಮನಿಯ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದ್ದನ್ನು ಕಂಡರು. ದೇವರ ಬಗ್ಗೆ ಮಾತನಾಡುವುದು ನಮ್ಮ ಕರ್ತವ್ಯ, ಆದರೆ ಮನುಷ್ಯರಾದ ನಮಗೆ ಅದು ಸಾಧ್ಯವಿಲ್ಲ. ಈ ಎರಡನ್ನೂ ಅರಿತೇ ದೇವರಿಗೆ ಮಹಿಮೆ ಸಲ್ಲಿಸಬೇಕು ಎಂಬುದು 1922ರ ಅವರ ಉಪನ್ಯಾಸವೊಂದರ ಸಾರ.

ಕನ್ನಡದಲ್ಲಿ ಈ ತೊಡಕು ವ್ಯಾಕರಣದಿಂದಲೇ ಆರಂಭವಾಗುತ್ತದೆ. ‘ದೇವರು’ ಗೌರವಸೂಚಕ ಬಹುವಚನ ರೂಪ. ನಮ್ಮ ಹಳೆಯ ಬೈಬಲ್ ಅನುವಾದ ಅದರ ಮುಂದೆ ‘ಮಾಡಿದನು’ ಎಂಬ ಏಕವಚನ ಕ್ರಿಯಾಪದವನ್ನಿಟ್ಟಿತು. ಅನಂತರದ ಸರಳ ಅನುವಾದ ‘ಮಾಡಿದರು’ ಎಂದಿತು. ಮೊದಲನೆಯದರಲ್ಲಿ ವಚನಕಾರರಿಗೂ ದಾಸರಿಗೂ ಸಹಜವಾಗಿದ್ದ ಸಲುಗೆಯಿದೆ. ಎರಡನೆಯದರಲ್ಲಿ ಹಿರಿಯರ ಮುಂದೆ ನಿಂತಂತಹ ಅಂತರ. ಬೋಧಕನಿಗೆ ಇವೆರಡೂ ಬೇಕು. ಆದರೆ ಒಂದೇ ವಾಕ್ಯದಲ್ಲಿ ಎರಡೂ ಹಿಡಿಸುವುದಿಲ್ಲ!

ವ್ಯಾಕರಣದ ತೊಡಕನ್ನು ಹೇಗೋ ಸಹಿಸಬಹುದು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ‘ದೇವರ ಚಿತ್ತ’ ಎಂದುಬಿಡುವುದನ್ನು ಸಹಿಸಲಾಗದು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ಮೌನವಾಗಿ ನೆಲದ ಮೇಲೆ ಕುಳಿತರು; ಅಷ್ಟರವರೆಗೆ ಅವರದು ಉತ್ತಮ ಸೇವೆಯೇ. ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದಿಸತೊಡಗಿದರು. ಕಥೆಯ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ಈ ವಕೀಲರ ಮೇಲೆ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಯೇಸುವೂ ನಿರಾಕರಿಸಿದರು. ಕೇಳುಗರಿಗೆ ಪಶ್ಚಾತ್ತಾಪದ ಎಚ್ಚರಿಕೆಯನ್ನು ಕೊಟ್ಟರೇ ಹೊರತು, ಸತ್ತವರ ಲೆಕ್ಕ ಬಿಚ್ಚಲಿಲ್ಲ.

ಹಾಗೆಂದು ಬೋಧಕರು ಬಾಯಿ ಮುಚ್ಚಿಕೊಂಡಿರಲಿ ಎಂದು ನಾನು ಹೇಳುತ್ತಿಲ್ಲ. ನೊಂದವರ ಮುಂದೆ ಮೌನವೂ ಕೆಲವೊಮ್ಮೆ ಪಲಾಯನವೇ. ಆದರೆ ಕೀರ್ತನೆಗಳಲ್ಲಿ 88ನೆಯದೊಂದಿದೆ. ದೇವರನ್ನೇ ಕೂಗಿ ಕರೆಯುತ್ತ ಸಾಗುವ ಅದು ಯಾವ ಸಮಾಧಾನವನ್ನೂ ಮುಟ್ಟದೆ ಕತ್ತಲಲ್ಲಿಯೇ ನಿಂತುಬಿಡುತ್ತದೆ. ಸಾವಿನ ಮನೆಯಲ್ಲಿ ಅದನ್ನು ಪೂರ್ತಿಯಾಗಿ ಓದಿ, ವ್ಯಾಖ್ಯಾನವನ್ನು ಸೇರಿಸದೆ, ಆ ತಾಯಿಯ ಬಳಿ ಕುಳಿತುಕೊಳ್ಳಲು ಯಾವ ಸಭೆಯ ನಿಯಮವೂ ಅಡ್ಡಬರಲಾರದು.