ಬಣ್ಣ ಹೊಡೆದರೆ ಗೋಡೆ ಒಣಗುತ್ತಾ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ಎಲ್ಲಿ ಹೋದರೂ ಪಿಜಿ ಮಾಲೀಕರ ಉತ್ತರ ಒಂದೇ: "ಕಿಟಕಿ ತೆಗೆದಿಡಪ್ಪ, ಸರಿಹೋಗುತ್ತೆ." ತೆಗೆದರೆ ಕೈಗೆ ಸಿಗೋದು ಪಕ್ಕದ ಬಿಲ್ಡಿಂಗಿನ ಗೋಡೆ. ಗಾಳಿ ಎಲ್ಲಿಂದ ಬರಬೇಕು?

ಗೋಡೆ ನೆನೆಯೋದು ಸ್ಟೂಡೆಂಟ್ ಹುಡುಗರ ಒದ್ದೆ ಟವೆಲ್‌ನಿಂದಲ್ಲ. ಮೇಲಿನ ಬಾತ್‌ರೂಮಿನ ಟೈಲ್ಸ್ ಸಂದು, ಸೋರುವ ಪೈಪು, ಪ್ಲಾಸ್ಟರ್ ಕಾಣದ ಹೊರಗೋಡೆಯಿಂದ. ಅದನ್ನು ಬಿಟ್ಟು ಒಳಗೆ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗೆ ಅದೇ ಬೂಷ್ಟು, ಅದೇ ಕೆಮ್ಮು. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಸೋರುವ ಮನೆಗೆ ಸುಣ್ಣ ಬಳಿಯೋದನ್ನ ಯಾರೂ ರಿಪೇರಿ ಅನ್ನಲ್ಲ.

ಇಲ್ಲಿ ಬಾಡಿಗೆ ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ಗೇ ಕತ್ತರಿ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಸುಣ್ಣಬಣ್ಣ, ಪೈಪು ಬದಲಾವಣೆ ಎರಡೂ ಮಾಲೀಕರ ಹೊಣೆ. ವಾಸದ ಮನೆಗೆ ಅಡ್ವಾನ್ಸ್ ಎರಡೇ ತಿಂಗಳು. ಆದರೆ ಅದು ಬರೀ ಮಾದರಿ, ರಾಜ್ಯ ಕಾನೂನು ಮಾಡಿದರಷ್ಟೇ ಬೆಲೆ. ನಮ್ಮ 1999ರ ಬಾಡಿಗೆ ಕಾಯ್ದೆಯೋ, ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸೋದೇ ಇಲ್ಲ. ಆ ರೇಟಿಗೆ ಇವತ್ತು ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ.

2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ತಲಾ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಅಂತ ನಿಯಮ ಮಾಡಿತು. ಒಳ್ಳೇದೇ. ಆದರೆ ಆ ನೀರು ನಲ್ಲಿಯಿಂದ ಬರಬೇಕು, ಗೋಡೆಯಿಂದಲ್ಲ. ಲೈಸೆನ್ಸ್ ಕೊಡೋಕೆ ಮುಂಚೆ ಅಧಿಕಾರಿಗಳು ಜುಲೈ ತಿಂಗಳಲ್ಲಿ ಒಮ್ಮೆ ಬಂದು ಗೋಡೆ ಮುಟ್ಟಿ ನೋಡಲಿ. ಕೈ ಒದ್ದೆಯಾದರೆ ಲೈಸೆನ್ಸ್ ಇಲ್ಲ. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ.