ಮನಸ್ಸು ಬದಲಿಸಿದರೆ ಮಾನ ಹೋಗುತ್ತದೆಯೆ?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದ ಮೇಲೆ ನಾನೊಂದು ವಾದದಲ್ಲಿ ಸೋತೆ. ಸೋತದ್ದು ದೊಡ್ಡ ಮಾತಲ್ಲ. ಸೋಲನ್ನು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತಲ್ಲ, ಅದೇ ನಾಚಿಕೆಯ ಮಾತು. ಈ ಬರಹ ಅದಕ್ಕಾಗಿ.

ಸಂಖ್ಯಾಶಾಸ್ತ್ರ ಓದುತ್ತಿರುವ ಗೆಳತಿಯೊಬ್ಬಳು ಚಹಾ ಕುಡಿದ ಮೂರು ಸ್ಟೀಲ್ ಲೋಟಗಳನ್ನು ತೊಳೆದು ಮೇಜಿನ ಮೇಲೆ ಬೋರಲು ಹಾಕಿದಳು. ಒಂದರ ಕೆಳಗೆ ರೂಪಾಯಿ ನಾಣ್ಯ. ಎಲ್ಲಿದೆಯೆಂದು ಅವಳಿಗೆ ಗೊತ್ತು, ನನಗಿಲ್ಲ. ನಾನು ಮೊದಲನೆಯದನ್ನು ಮುಟ್ಟಿದೆ. ಅವಳು ಮೂರನೆಯದನ್ನು ಎತ್ತಿ ತೋರಿಸಿದಳು. ಖಾಲಿ.

"ಈಗ ಅದನ್ನೇ ಇಟ್ಕೊಳ್ತೀಯೋ, ಬದಲಿಸ್ತೀಯೋ?"

"ಎರಡ ಉಳಿದಾವ. ಅರ್ಧಕ್ಕರ್ಧ ಆತಲ್ಲ! ಬದಲಿ ಮಾಡಿದ್ರ ಏನ ಬಂತು?"

"ಬದಲಿಸಿದ್ರೆ ಮೂರು ಸಲದಲ್ಲಿ ಎರಡು ಸಲ ಗೆಲ್ತೀಯ."

"ಲೆಕ್ಕಾ ಓದಿ ಓದಿ ನಿನ್ನ ತಲಿ ಕೆಟ್ಟದ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಹೀಗೆ ನಕ್ಕವರಲ್ಲಿ ನಾನು ಮೊದಲಿಗನಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಟೆಲಿವಿಷನ್ನಿನಲ್ಲಿ 1963ರಲ್ಲಿ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಕಾರ್ಯಕ್ರಮ ಶುರುವಾಯಿತು. ನಡೆಸಿಕೊಡುತ್ತಿದ್ದವರು ಮಾಂಟಿ ಹಾಲ್. ಆ ಆಟದ ನೆಪದಲ್ಲಿ ಸ್ಟೀವ್ ಸೆಲ್ವಿನ್ ಎಂಬವರು 1975ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದಕ್ಕೆ ಪತ್ರ ಬರೆದು ಈ ಸಮಸ್ಯೆಯನ್ನು ಬಿಡಿಸಿದರು. ಆಗ ಹೆಚ್ಚು ಸದ್ದಾಗಲಿಲ್ಲ. 1990ರಲ್ಲಿ ಮೆರಿಲಿನ್ ವಾಸ್ ಸವಾಂಟ್ ಎಂಬಾಕೆ 'ಪರೇಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಇದನ್ನೇ ಎತ್ತಿಕೊಂಡರು. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಆಡು. ಬದಲಿಸುವುದೇ ಲಾಭ ಎಂದು ಅವರ ಉತ್ತರ. ಸುಮಾರು 10,000 ಪತ್ರಗಳು ಬಂದವು, ಬಹುಪಾಲು ವಿರೋಧದವೇ. ಬರೆದವರಲ್ಲಿ ಸಾವಿರದಷ್ಟು ಮಂದಿ ಪಿಎಚ್.ಡಿ. ಪಡೆದವರು! ಹಂಗೇರಿಯ ಮಹಾ ಗಣಿತಜ್ಞ ಪಾಲ್ ಏರ್ಡಿಶ್ ಕೂಡ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸುವವರೆಗೆ ಒಪ್ಪಲಿಲ್ಲವಂತೆ. ಆದರೆ ಆಕೆ ಹೇಳಿದ್ದೇ ಸರಿ.

ಹೇಗೆ? ನಾನು ಮೊದಲು ಲೋಟ ಮುಟ್ಟಿದಾಗ ನಾಣ್ಯ ಅಲ್ಲಿರುವ ಸಂಭವ ಮೂರರಲ್ಲಿ ಒಂದು. ಅಂದರೆ ಮೂರರಲ್ಲಿ ಎರಡು ಸಲ ನಾನು ತಪ್ಪು ಲೋಟವನ್ನೇ ಮುಟ್ಟಿರುತ್ತೇನೆ. ಆಗ ಗೆಳತಿಗೆ ಬೇರೆ ದಾರಿಯೇ ಇಲ್ಲ. ಉಳಿದೆರಡರಲ್ಲಿ ನಾಣ್ಯವಿರುವುದನ್ನು ಬಿಟ್ಟು ಖಾಲಿಯದನ್ನೇ ಎತ್ತಬೇಕು. ಹಾಗಾಗಿ ನನ್ನ ಮೊದಲ ಊಹೆ ತಪ್ಪಿದ್ದಾಗಲೆಲ್ಲ ಬದಲಿಸಿದರೆ ಗೆಲುವು ಖಂಡಿತ. ಇನ್ನೂ ಅನುಮಾನವೆ? ನೂರು ಲೋಟಗಳಿವೆಯೆನ್ನಿ. ನೀವೊಂದನ್ನು ಮುಟ್ಟಿದಿರಿ, ನಾಣ್ಯ ಬಲ್ಲವಳು ಉಳಿದವುಗಳಲ್ಲಿ ತೊಂಬತ್ತೆಂಟನ್ನು ಎತ್ತಿ, ಒಂದನ್ನು ಮಾತ್ರ ಜಾಣತನದಿಂದ ಬಿಟ್ಟಳು. ಈಗಲೂ ನಿಮ್ಮದನ್ನೇ ಹಿಡಿದು ಕೂರುತ್ತೀರಾ?

ನಾನು ಇಷ್ಟಕ್ಕೂ ಮಣಿಯದೆ ಹಾಸ್ಟೆಲಿನ ಗೆಳೆಯನನ್ನು ಕೂರಿಸಿಕೊಂಡು ಮೂವತ್ತು ಆಟ ಆಡಿದೆ. ಹಟ ಹಿಡಿದು ಬದಲಿಸದೆ ಗೆದ್ದದ್ದು ಒಂಬತ್ತು ಸಲ. ಗೆಳೆಯ ಏನೂ ಹೇಳಲಿಲ್ಲ, ಲೋಟ ಎತ್ತಿಕೊಂಡು ಮೆಸ್ಸಿಗೆ ಹೋದ.

ನನ್ನನ್ನು ಕಾಡಿದ ಪ್ರಶ್ನೆ ಗಣಿತದ್ದಲ್ಲ. ನಾನೇಕೆ ಅಷ್ಟು ಹಟ ಹಿಡಿದೆ? ಬದಲಿಸಿ ಸೋತರೆ "ಕೈಯಲ್ಲಿದ್ದದ್ದನ್ನು ಬಿಟ್ಟೆ" ಎಂಬ ಸಂಕಟ. ಬದಲಿಸದೆ ಸೋತರೆ ಹಣೆಬರಹದ ಮೇಲೆ ಹಾಕಬಹುದು. ಆಡಿದ ಮಾತಿಗೆ ತಪ್ಪದವನನ್ನು ಹೊಗಳುತ್ತ ಬೆಳೆದವರು ನಾವು. ಆದರೆ ಕೊಟ್ಟ ಮಾತು ಬೇರೆ, ಮಾಡಿದ ಊಹೆ ಬೇರೆ. ಕೊಟ್ಟ ಮಾತು ಇನ್ನೊಬ್ಬರ ಸೊತ್ತು, ಅದನ್ನು ಉಳಿಸಬೇಕು. ಊಹೆ ನನ್ನದೇ. ಹೊಸದೇನಾದರೂ ತಿಳಿದರೆ ಅದನ್ನು ಬಿಡುವುದರಲ್ಲಿ ಮಾನ ಹೋಗುವುದೇನಿದೆ?

ಹಾಗೆಂದು ಯಾರೇನು ಹೇಳಿದರೂ ಬದಲಾಗಿ ಎಂದು ನಾನು ಹೇಳುತ್ತಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ನಾಣ್ಯ ಎಲ್ಲಿದೆಯೆಂದು ಗೊತ್ತಿಲ್ಲದವರು ಉಳಿದೆರಡರಲ್ಲಿ ಒಂದನ್ನು ಸುಮ್ಮನೆ ಎತ್ತಿ, ಅದು ಅಕಸ್ಮಾತ್ ಖಾಲಿಯಿದ್ದರೆ, ಆಗ ನಿಜಕ್ಕೂ ಅರ್ಧಕ್ಕರ್ಧವೇ. ಬದಲಿಸಿದರೂ ಒಂದೇ, ಬಿಟ್ಟರೂ ಒಂದೇ. ಲೋಟ ಖಾಲಿಯೆಂದು ಕಂಡರೆ ಸಾಲದು, ಅದನ್ನು ಎತ್ತಿದವರು ಬಲ್ಲವರೋ ಅಲ್ಲವೋ ಎಂದೂ ಕೇಳಬೇಕು. ಪಕ್ಕದ ಕೋಣೆಯವನು ಬಿಟ್ಟನೆಂದು ವಿಷಯ ಬದಲಿಸುವವರೂ, ಬಲ್ಲ ಮೇಷ್ಟ್ರು ತಿಳಿಹೇಳಿದರೂ ಬದಲಿಸದವರೂ ನಮ್ಮಲ್ಲಿದ್ದಾರೆ. ಇಬ್ಬರೂ ಈ ಪ್ರಶ್ನೆಯನ್ನು ಕೇಳಿಕೊಂಡವರಲ್ಲ. ಅಂದು ನನ್ನ ಮುಂದೆ ಬಲ್ಲವಳೇ ಕೂತಿದ್ದಳು. ನಾನು ಕೇಳಲಿಲ್ಲ, ನಕ್ಕೆ.

"ಕಥೆ, ಕವಿತೆಯ ಪತ್ರಿಕೆಯಲ್ಲಿ ಲೆಕ್ಕವೇಕೆ?" ಎಂದು ಕೆಲವರು ಮೂಗು ಮುರಿಯಬಹುದು. ಊರು ಬಿಟ್ಟು ಮುಂಬಯಿಗೆ ಬಂದ ನಾವು ಕನ್ನಡವನ್ನು ಭಾವಗೀತೆಗಷ್ಟೇ ಮೀಸಲಿಟ್ಟು, ವಿಚಾರ ಮಾಡುವಾಗ ಇಂಗ್ಲಿಷಿಗೆ ಓಡಿದರೆ ಸಂಘ ಕಟ್ಟಿ ಏನು ಫಲ? ಮೂರು ಲೋಟದ ಲೆಕ್ಕ ಕನ್ನಡದಲ್ಲಿ ಹೇಳಲು ಬರುತ್ತದೆಂದು ಮೇಲೆ ಕಂಡಿರಿ. ನನಗಿಂತ ಚೆನ್ನಾಗಿ ಹೇಳಬಲ್ಲವಳು ಆ ಗೆಳತಿ. ಮುಂದಿನ ಸಂಚಿಕೆಗೆ ಅವಳೇ ಬರೆಯಲಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಅಂದು ಹತ್ತು ಜನರೆದುರು ಆಡಿದ ಮಾತಾದ್ದರಿಂದ ಹತ್ತು ಜನ ಓದುವ ಈ ಪುಟದಲ್ಲೇ ಹೇಳುತ್ತೇನೆ: ತಲೆ ಕೆಟ್ಟದ್ದು ನಿನ್ನದಲ್ಲ, ನನ್ನದು. ಕ್ಷಮಿಸು.