ಮನೆ ಯಾರ ಕಣ್ಣಿಗೆ?

ಮನೆ ರಿಪೇರಿ ಎಂಬ ಮಾತು ನಮ್ಮ ಕಡೆ ಸದ್ದಿಲ್ಲದೆ ಹಳೆಯದಾಗಿಬಿಟ್ಟಿದೆ. ಈಗ ಎಲ್ಲರೂ ಮಾಡಿಸುವುದು ‘ಇಂಟೀರಿಯರ್’. ಬೆಂಗಳೂರಿನ ಮಾತು ಬಿಡಿ, ಯರಗಟ್ಟಿಯಂಥ ಊರಲ್ಲೂ ಹಳೆ ಮನೆಯ ಗೋಡೆ ಕೆರೆಯುವ ಮುಂಚೆ ಮನೆಯ ಯಜಮಾನ ಮೊಬೈಲಿನಲ್ಲಿ ನೂರಾರು ಚಿತ್ರ ಕೂಡಿಹಾಕಿಕೊಂಡಿರುತ್ತಾನೆ. ದುಬೈಯಲ್ಲಿರುವ ಭಾವಮೈದುನ ಕಳಿಸಿದ್ದು ಕೆಲವು, ಬೆಳಗಾವಿಯ ಟೈಲ್ಸ್ ಅಂಗಡಿಯವು ಕೆಲವು, ಬೀಗರ ಮನೆಗೆ ಊಟಕ್ಕೆ ಹೋದಾಗ ಯಾರಿಗೂ ಕಾಣದಂತೆ ತೆಗೆದುಕೊಂಡವು ಇನ್ನು ಕೆಲವು. ಗೌಂಡಿ ಬಂದು ಟೇಪು ಬಿಚ್ಚುವ ಮೊದಲೇ ಅವನ ಮುಖದ ಮುಂದೆ ಮೊಬೈಲ್ ಬರುತ್ತದೆ: ‘ಹಿಂಗ ಆಗಬೇಕ ನೋಡ್ರಿ.’

ವಿಚಾರ ಸಂಗ್ರಹಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ನಾಲ್ಕು ಮನೆ ನೋಡದೆ ಯಾರೂ ಒಂದು ಮನೆ ಕಟ್ಟಿಲ್ಲ. ನಮ್ಮ ತಕರಾರು ಬೇರೆ. ದೂರದ ಎಷ್ಟೋ ಮನೆಗಳನ್ನು ನೋಡುವ ಈ ಯಜಮಾನರು ತಮ್ಮದೇ ಮನೆಯಲ್ಲಿ ದಿನದ ಹದಿನೈದು ತಾಸು ಕಳೆಯುವವಳನ್ನು ಒಂದು ಮಾತು ಕೇಳುವುದಿಲ್ಲ. ಪರ್ದೆಯ ಬಣ್ಣ ಯಾವುದಿರಲಿ ಎಂದಷ್ಟೇ ಅವಳನ್ನು ಕೇಳುತ್ತಾರೆ, ಅದೂ ಕೊನೆಗೆ, ದುಡ್ಡೆಲ್ಲ ಮುಗಿದ ಮೇಲೆ.

ಹಿಂದೆ ಹೀಗಿರಲಿಲ್ಲ. ಈ ಎರಿ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ, ಕಂಬ, ಜಂತಿ ಗಂಡಸರ ಕೆಲಸವಾಗಿತ್ತು. ಒಳಗಿನ ಅಂದವೆಲ್ಲ ಹೆಂಗಸರದು. ರಂಜಾನ್ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ, ದಸರೆ ದೀಪಾವಳಿ ಬಂದರೆ ಪಕ್ಕದ ಲಿಂಗಾಯತರ ಮನೆಗಳಲ್ಲಿ ಸುಣ್ಣ ಕಲಸುವ ಕೈಗಳು ಒಂದೇ ಥರದವು. ಕೆಮ್ಮಣ್ಣಿನ ಪಟ್ಟಿ ಎಳೆಯುವುದು, ನೆಲ ಸಾರಿಸುವುದು, ಮಾಡದಲ್ಲಿ ಏನಿಡಬೇಕು, ನೆಲುವು ಎಲ್ಲಿ ತೂಗಬೇಕು ಎಂದು ನಿರ್ಧರಿಸುವುದು ಅವರೇ. ಹರಿದ ಸೀರೆ, ಹಳೆ ಅಂಗಿಗಳಿಂದ ಹೊಲಿದ ಕೌದಿಗಿಂತ ಚೆಂದದ ಹಾಸು ಯಾವ ಶೋರೂಮಿನಲ್ಲಿದೆ? ಇಂಟೀರಿಯರ್ ಡಿಸೈನ್ ಎಂಬ ಹೆಸರಿಲ್ಲದೆಯೇ ಆ ವಿದ್ಯೆ ಅವರ ಕೈಯಲ್ಲಿತ್ತು. ಹೆಸರು ಬಂದ ದಿನ ಅದು ಅವರ ಕೈಬಿಟ್ಟು ಗುತ್ತಿಗೆದಾರನ ಕೈ ಸೇರಿತು.

ಹಾಗೆಂದು ಹಳೆ ಮನೆಯ ಗುಣಗಾನಕ್ಕೆ ನಾವು ಕೂತಿಲ್ಲ. ಮಣ್ಣಿನ ಮನೆಯಲ್ಲಿ ಇರದವರಿಗೆ ಮಾತ್ರ ಮಣ್ಣಿನ ಮನೆ ಕಾವ್ಯ. ಬೆಳಕಿಂಡಿ ಒಂದೇ ಇರುವ ಅಡುಗೆಮನೆಯಲ್ಲಿ ಕಟ್ಟಿಗೆಯ ಹೊಗೆ ಕುಡಿದು ಕೆಮ್ಮುತ್ತಾ ಮುದುಕಿಯರಾದವರು ನಮ್ಮ ಮನೆಗಳಲ್ಲೇ ಇದ್ದಾರೆ. ಮಳೆಗಾಲವಿಡೀ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟುಕೊಂಡು ರಾತ್ರಿ ಕಳೆದವರಿದ್ದಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನುಗ್ಗಿದಾಗ ಮೊದಲು ಕುಸಿದದ್ದು ಮಣ್ಣಿನ ಗೋಡೆಗಳೇ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಮನೆ ಬದಲಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿಂದ ಬದಲಾಗಬೇಕು ಎಂಬುದು ಪ್ರಶ್ನೆ.

ಈಗ ಬದಲಾವಣೆ ಶುರುವಾಗುವುದು ಹಾಲ್‌ನಿಂದ. ಪಡಸಾಲೆ ಹೋಗಿ ಹಾಲ್ ಆಯಿತು. ಹಾಲ್‌ಗೆ ಹೊಳೆಯುವ ಟೈಲ್ಸ್, ಟಿ.ವಿ. ಗೋಡೆಗೆ ಪ್ಲೈವುಡ್ಡಿನ ಚೌಕಟ್ಟು, ಮೇಲೆ ಪಿ.ಒ.ಪಿ. ಸೀಲಿಂಗು, ಅದರೊಳಗೆ ಬಣ್ಣ ಬದಲಿಸುವ ದೀಪ. ನಮ್ಮ ಮುಸ್ಲಿಂ ಮನೆಗಳಲ್ಲಿ ಇದಕ್ಕೊಂದು ವಿಚಿತ್ರ ತಿರುವಿದೆ. ಹೊರಗಿನ ಗಂಡಸರು ಬಂದರೆ ಹೆಂಗಸರು ಒಳಗೆ ಸರಿಯಬೇಕಾದ ಕಡೆ, ಮನೆಯ ಮುಕ್ಕಾಲು ದುಡ್ಡು ಅವರು ಕೂರಲಾಗದ ಕೋಣೆಗೆ ಹೋಗುತ್ತದೆ. ದಿನವಿಡೀ ಅವರಿರುವ ಕೋಣೆಗೆ ಉಳಿದ ಟೈಲ್ಸ್ ತುಂಡುಗಳು. ಇದರ ಜೊತೆಗೆ, ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇವೆ: ಐದು ಹೊತ್ತು ನಮಾಜು ಮಾಡುವವರ ಮನೆಯ ಬಾಗಿಲೂ ಈಗ ವಾಸ್ತು ನೋಡಿ ದಿಕ್ಕು ಬದಲಿಸುತ್ತಿದೆ. ವಾಸ್ತುವಿನವನ ಮಾತಿಗೆ ಗೋಡೆ ಒಡೆಯುವವರು ತಾಯಿಯ ಮಂಡಿನೋವಿಗೆ ಒಂದು ಮೆಟ್ಟಿಲು ತಗ್ಗಿಸುವುದಿಲ್ಲ.

ಇಷ್ಟೆಲ್ಲ ಯಾರಿಗಾಗಿ? ಹುಡುಗಿ ನೋಡಲು ಬರುವವರಿಗಾಗಿ, ನಿಕಾಹ್‌ಗೆ ಬರುವ ನೆಂಟರಿಗಾಗಿ. ಇದೇ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದವರು. ಅವರ ವಾಡೆಗೆ ಹೋದ ನಮ್ಮ ಕಾಲದವರು ಕಂಬಗಳ ಫೋಟೊ ತೆಗೆದುಕೊಂಡು ಬರುತ್ತಾರೆ, ಹಾಲ್‌ನ ಮೂಲೆಗೆ ಅಂಥದೊಂದು ಫೈಬರ್ ಕಂಬ ನಿಲ್ಲಿಸಲು.

ಅಡುಗೆಮನೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈಗ ಎಲ್ಲರ ಬಾಯಲ್ಲಿರುವ ‘ಮಾಡ್ಯುಲರ್ ಕಿಚನ್’ ಸಿರಿವಂತರ ಸೋಗಿಗಾಗಿ ಹುಟ್ಟಿದ್ದಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ದುಡಿಯುವ ಜನರಿಗೆ ಸಾವಿರಾರು ಮನೆ ಕಟ್ಟಿಸುತ್ತಿದ್ದಾಗ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಹೆಣ್ಣುಮಗಳು, ವೃತ್ತಿಯಿಂದ ವಾಸ್ತುಶಿಲ್ಪಿ, ಆ ಮನೆಗಳಿಗೊಂದು ಅಡುಗೆಮನೆ ರೂಪಿಸಿದಳು. ಒಲೆಯಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಊಟದ ಮೇಜಿಗೆ ಹೆಂಗಸೊಬ್ಬಳು ಎಷ್ಟು ಹೆಜ್ಜೆ ಹಾಕುತ್ತಾಳೆ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಲೆಕ್ಕದಿಂದ ಆಕೆ ಹೊರಟಳು. ಸುಮಾರು 3.4 ಮೀಟರ್ ಉದ್ದ, 1.9 ಮೀಟರ್ ಅಗಲದ ಜಾಗದಲ್ಲಿ ಕೈಗೆಟಕುವಂತೆ ಎಲ್ಲ ಜೋಡಿಸಿದಳು. ಕೂತು ಕೆಲಸ ಮಾಡಲು ಎತ್ತರ ಬದಲಿಸುವ ಸ್ಟೂಲು, ಬೆಳಕಿಗೆ ಕಿಟಕಿಯ ಕೆಳಗೇ ಕೆಲಸದ ಮೇಜು. ಅಂಥ ಸುಮಾರು 10 ಸಾವಿರ ಅಡುಗೆಮನೆಗಳಾದವು. ಆ ಅಡುಗೆಮನೆ ಬಲು ಇಕ್ಕಟ್ಟು, ಒಬ್ಬಳನ್ನೇ ಒಳಗೆ ಕೂಡಿಹಾಕುತ್ತದೆ ಎಂದು ಆಮೇಲೆ ಟೀಕೆಗಳೂ ಬಂದವು. ಅದು ನ್ಯಾಯವೇ. ಆದರೆ ಆಕೆಯ ಯೋಚನೆ ಶುರುವಾದದ್ದು ದುಡಿಯುವವಳ ಕಾಲಿನಿಂದ.

ನಮಗೆ ಬಂದು ತಲುಪಿದ್ದು ಲ್ಯಾಮಿನೇಟಿನ ಬಣ್ಣ ಮಾತ್ರ. ನಮ್ಮ ಸೀಮೆಯ ಹೆಂಗಸು ಜೋಳದ ರೊಟ್ಟಿ ಬಡಿಯುವವಳು. ಕೊಮ್ಮಣಿಗೆಯಲ್ಲಿ ಹಿಟ್ಟು ನಾದಿ, ಮೈಭಾರವನ್ನೆಲ್ಲ ಅಂಗೈಗೆ ತಂದು ಬಡಿಯಬೇಕು. ಗೋಧಿ ಚಪಾತಿಗೆಂದು ಅಳತೆ ಮಾಡಿದ ಗ್ರಾನೈಟ್ ಕಟ್ಟೆಯ ಮುಂದೆ ನಿಂತು ಇಪ್ಪತ್ತು ರೊಟ್ಟಿ ಬಡಿದು ನೋಡಲಿ ಈ ಕ್ಯಾಟಲಾಗಿನವರು. ಹೆಗಲು ಏನನ್ನುತ್ತದೆ ಎಂದು ತಿಳಿಯುತ್ತದೆ. ಮೇಲಿನ ಕಪಾಟು ಅವಳ ಕೈಗೆ ಎಟಕುವುದಿಲ್ಲ. ಐದು ಕಿಲೊ ಅಕ್ಕಿಯ ಲೆಕ್ಕದ ಡಬ್ಬಿಗಳಿಗೆ ಮಾಡಿದ ಡ್ರಾವರಿನಲ್ಲಿ ವರ್ಷದ ಜೋಳದ ಚೀಲ ಹಿಡಿಸುವುದಿಲ್ಲ. ಕೊನೆಗೆ ಏನಾಗುತ್ತದೆ? ಲಕ್ಷ ಸುರಿದ ಅಡುಗೆಮನೆ ಚಹಾ ಕಾಯಿಸಲು ಉಳಿಯುತ್ತದೆ. ರೊಟ್ಟಿ ಮಾತ್ರ ಹಿತ್ತಿಲಲ್ಲಿ, ನಾಲ್ಕು ತಗಡಿನ ಕೆಳಗೆ, ಅದೇ ಹಳೆ ಒಲೆಯ ಮೇಲೆ, ಅದೇ ಹೊಗೆಯಲ್ಲಿ. ನೆಂಟರು ಮುಂದಿನ ಬಾಗಿಲಿನಿಂದ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಹಿತ್ತಿಲು ಯಾರ ಫೋಟೊದಲ್ಲೂ ಇಲ್ಲ.

ಇನ್ನೊಂದು ಅಪಾಯದ ಬಗ್ಗೆ ಗೌಂಡಿಗಳು ಹೇಳುತ್ತಲೇ ಇದ್ದಾರೆ, ಕೇಳುವವರಿಲ್ಲ. ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಕೆಳಗೆ ಗರಸು ಸಿಗುವವರೆಗೆ ಬುನಾದಿ ಇಳಿಸದ ಮನೆಯ ಗೋಡೆ ವರ್ಷಕ್ಕೊಮ್ಮೆ ಅಲುಗುತ್ತಲೇ ಇರುತ್ತದೆ. ಇಂಥ ಮನೆಯಲ್ಲಿ ಚಿತ್ರದಲ್ಲಿ ಕಂಡ ‘ಓಪನ್ ಕಿಚನ್’ ಬೇಕೆಂದು ಜಂತಿಯ ಭಾರ ಹೊತ್ತ ನಡುಗೋಡೆಯನ್ನೇ ಕೆಡವುತ್ತಾರೆ. ಚಿತ್ರದ ಮನೆಯಲ್ಲಿ ಭಾರ ಹೊತ್ತಿರುವುದು ಗೋಡೆಯೊಳಗೆ ಅಡಗಿದ ಕಾಂಕ್ರೀಟ್ ಕಂಬ ಮತ್ತು ತೊಲೆ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಪಿ.ಒ.ಪಿ. ಸೀಲಿಂಗಿನ ಕಥೆಯೂ ಇಷ್ಟೇ. ಮೊದಲು ಜಂತಿಗೆ ಗೆದ್ದಲು ಹಿಡಿದರೆ ಮಲಗಿದವರ ಕಣ್ಣಿಗೆ ಬೀಳುತ್ತಿತ್ತು, ಮಾಳಿಗೆ ಎಲ್ಲಿ ನೆನೆದಿದೆ ಎಂದು ಗೊತ್ತಾಗುತ್ತಿತ್ತು, ಮೇಲೆ ಹೋಗಿ ಒಂದು ಬುಟ್ಟಿ ಹಾಳುಮಣ್ಣು ಹಾಕಿ ತುಳಿದು ಬರುತ್ತಿದ್ದರು. ಈಗ ಬಿಳಿ ಹಾಳೆಯೊಂದು ಎಲ್ಲವನ್ನೂ ಮುಚ್ಚಿದೆ. ಜಂತಿ ಕೊಳೆತದ್ದು ತಿಳಿಯುವುದು ಬಿದ್ದ ಮೇಲೆ.

ಹಾಗಾದರೆ ಹೊಸ ವಿಚಾರ ಎಲ್ಲಿಂದ ತರಬೇಕು ಎಂದು ಓದುಗರು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಿಂದ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನದ ಕೆಲಸ ನಡೆಯಿತು; ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ ಅಲ್ಲಿಂದ ಬಂತು. ಎರಿಮಣ್ಣಿಗೆ ಅದು ಹಾಗೆಯೇ ಒಗ್ಗುವುದಿಲ್ಲ, ಆದರೆ ಕೇಳುವ ರೀತಿಯಂತೂ ಸರಿ: ನಿನ್ನ ಊರಿನ ಮಣ್ಣು ಎಂಥದು? ಒಳ್ಳೆಯ ವಿಚಾರವನ್ನೂ ಮೇಲಿನಿಂದ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಈಜಿಪ್ಟಿನ ಹಸನ್ ಫತಹಿ ಇದ್ದಾರೆ. 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಹಳ್ಳಿಯನ್ನು ಹಸಿ ಇಟ್ಟಿಗೆಯಿಂದ, ಗುಮ್ಮಟದ ಮನೆಗಳಿಂದ ಕಟ್ಟಿದರು. ಲೋಕವೆಲ್ಲ ಕೊಂಡಾಡಿತು. ಹಳೆ ಗುರ್ನಾದ ಬಹುಪಾಲು ಜನ ಅಲ್ಲಿಗೆ ಹೋಗಲಿಲ್ಲ. ಅವರ ಬದುಕು ಹಳೆಯ ಊರಿಗೇ ಅಂಟಿಕೊಂಡಿತ್ತು. ಫತಹಿಯಂಥವರ ಮನೆಯನ್ನೇ ಜನ ಬೇಡವೆಂದ ಮೇಲೆ, ಯಾರೋ ಮಾರಾಟಕ್ಕೆ ತೆಗೆದ ಚಿತ್ರ ನಮ್ಮ ಮನೆಗೆ ಒಗ್ಗುತ್ತದೆಯೆಂಬ ನಂಬಿಕೆ ಎಲ್ಲಿಂದ ಬಂತು?

ಮತ್ತು ದುಡ್ಡು. ಮನೆಯ ಆಸೆ ಗಂಡಸಿನದು, ಸಾಲದ ಸಹಿ ಹೆಂಗಸಿನದು. ಸಂಘದ ಸಾಲ, ಫೈನಾನ್ಸಿನ ಕಿರುಸಾಲ ಸಿಗುವುದು ಅವಳ ಹೆಸರಿಗೆ. ವಾರದ ಕಂತಿಗೆ ಬಾಗಿಲಲ್ಲಿ ನಿಂತವನಿಗೆ ಉತ್ತರ ಹೇಳಬೇಕಾದವಳೂ ಅವಳೇ. ಯಜಮಾನ ಆ ಹೊತ್ತಿಗೆ ಹೋಟೆಲಿನಲ್ಲಿರುತ್ತಾನೆ. 2025ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಸಾಲ ತೀರಿಸಲಾಗದವರ ಮನೆಗೆ ಬೀಗ ಬಿದ್ದ ಸುದ್ದಿ ಓದಿದೆವು. ಫೆಬ್ರವರಿಯಲ್ಲಿ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ದವಾಖಾನೆಗೆ, ಬೀಜಗೊಬ್ಬರಕ್ಕೆ ಸಾಲ ಮಾಡಿದವರ ಸಂಕಟ ಬೇರೆ, ಅದಕ್ಕೆ ನಾವು ಬೆರಳು ತೋರಿಸುವುದಿಲ್ಲ. ಸೀಲಿಂಗಿನ ದೀಪಕ್ಕಾಗಿ ಹೆಂಡತಿಯ ಹೆಸರಲ್ಲಿ ಸಾಲ ಎತ್ತುವವರನ್ನು ಮಾತ್ರ ಕೇಳುತ್ತೇವೆ: ಕಂತು ತಪ್ಪಿ ಆ ಮನೆಗೂ ಬೀಗ ಬಿದ್ದರೆ ದೀಪ ಯಾರಿಗೆ ಉರಿಯುತ್ತದೆ?

ಈ ಬೇಸಿಗೆಯಲ್ಲಿ ಮನೆ ಬಿಚ್ಚಬೇಕೆಂದಿರುವವರು ಗೌಂಡಿಯನ್ನು ಮೊದಲು ಮಾಳಿಗೆ ಹತ್ತಿಸಲಿ, ಆಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಲಿ. ಅಲ್ಲಿ ಯಜಮಾನ ಬಾಯಿ ಮುಚ್ಚಿಕೊಂಡಿರಲಿ. ಅಮ್ಮಾ, ಕಿಟಕಿ ಎಲ್ಲಿ ಬೇಕು, ಕಟ್ಟೆ ಎಷ್ಟು ಎತ್ತರ ಬೇಕು, ರೊಟ್ಟಿಗೆ ಕೂತುಕೊಳ್ಳುತ್ತೀರೋ ನಿಲ್ಲುತ್ತೀರೋ ಎಂದು ಅವನೇ ಕೇಳಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲಿ. ಹೊಗೆ ಹೋಗುವ ದಾರಿ, ಬಚ್ಚಲಿನ ನೀರು ಹರಿಯುವ ದಾರಿ, ಮುದುಕರು ರಾತ್ರಿ ಎದ್ದು ಹೋಗುವ ದಾರಿ ಇವಿಷ್ಟು ಆದ ಮೇಲೆ ಕೈಯಲ್ಲಿ ದುಡ್ಡು ಉಳಿದಿದ್ದರೆ ಹಾಲ್‌ಗೆ ಬೇಕಾದ ಬಣ್ಣ ಹಚ್ಚಿಕೊಳ್ಳಲಿ. ಅದಕ್ಕೆ ನಮ್ಮ ತಕರಾರಿಲ್ಲ.